ಕಾಶಿಯಲ್ಲಿ ಬಿ.ಎ. ವ್ಯಾಸಂಗ: ರಾಷ್ಟ್ರಸಂಬಂಧ, ಸಮಾಜವಿಜ್ಞಾನ, ಧರ್ಮವಿಚಾರ

ಕಳೆದ ಕಾರ್ತಿಕ ಮಾಸದ ಒಂದು ರಾತ್ರಿ, ವಾಚನಾಲಯದ ಬಾಗಿಲು ಹಾಕುವ ಹೊತ್ತಿಗೆ, ಛತ್ರವೊಂದರ ಅಡಿಗೆಮನೆಯಲ್ಲಿ ದುಡಿಯುವ ನಮ್ಮ ಹಿರಿಯ ಬಂಧುಗಳೊಬ್ಬರು ಕೊನೆಯ ಪಂಕ್ತಿ ಮುಗಿಸಿಕೊಂಡು ಬಂದರು. ಕುಂದಾಪುರದ ಕಡೆಯವರು, ಕಾಶಿಗೆ ಬಂದು ಇಪ್ಪತ್ತು ವರ್ಷಕ್ಕೆ ಮೇಲಾಯಿತು. ಆ ದಿನ ಪತ್ರಿಕೆಯನ್ನು ಮುಟ್ಟಲಿಲ್ಲ. "ರಾಯರೇ, ಮಗಳು ಹನ್ನೆರಡನೇ ಕ್ಲಾಸು. ಮುಂದೆ ಸೋಶಿಯಲ್ ಸೈನ್ಸ್ ಅಂತಾಳೆ. ಬಿ.ಕಾಂ. ಮಾಡು ಮಗಾ ಅಂದ್ರೆ ಕೇಳುದಿಲ್ಲ. ಅದನ್ನ ಓದಿದ್ರೆ ಎಂತ ಸಿಕ್ತದೆ?" ಎಂದು ಕೇಳಿದರು. ಅದೇ ವಾರ ರೈಲ್ವೆಯಲ್ಲಿ ಗುಮಾಸ್ತರಾಗಿರುವ ಹುಬ್ಬಳ್ಳಿಯವರೊಬ್ಬರು, "ನಮ್ಮ ಹುಡುಗ ಇಂಟರ್‌ನ್ಯಾಷನಲ್ ರಿಲೇಶನ್ಸ್ ಓದ್ತೀನಿ ಅಂತ ಕುಂತಾನ್ರೀ. ಹೊರಗಿನ ಊರಾಗ ಒಂದು ಕಾಲೇಜಿನವರು ವರ್ಷಕ್ಕ ಲಕ್ಷಗಟ್ಟಲೆ ಕೇಳ್ತಾರ. ಇಷ್ಟು ದೊಡ್ಡ ಕಾಶ್ಯಾಗ ಅದು ಇಲ್ಲೇನ್ರೀ?" ಎಂದರು. ಮಠದ ಪಾಠಶಾಲೆಯಲ್ಲಿ ಸಂಸ್ಕೃತ ಓದುತ್ತಿರುವ ಹುಡುಗನೊಬ್ಬನು ಸಂಕೋಚದಿಂದ ಕೇಳಿದ್ದು ಬೇರೆ: "ಶಾಸ್ತ್ರಿ ಪದವಿ ಬ್ಯಾಂಕಿನ ಪರೀಕ್ಷೆಗೆ ನಡೆಯುತ್ತದೆಯೇ?"

ಮೂವರಿಗೂ ಅಂದು ನಾವು ಕೊಟ್ಟ ಉತ್ತರ ಅರೆಬರೆಯದು. ಹಿಂದಿನ ವರ್ಷ ನಡೆದ ಒಂದು ಪ್ರಸಂಗವೂ ಮನಸ್ಸನ್ನು ಕೊರೆಯುತ್ತಿತ್ತು. ಸೀರೆ ವ್ಯಾಪಾರಿಗಳಲ್ಲಿ ಲೆಕ್ಕ ಬರೆಯುವ ನಮ್ಮವರೊಬ್ಬರ ಮಗನು ಒಳ್ಳೆಯ ಅಂಕಗಳಿಂದ ತೇರ್ಗಡೆಯಾಗಿ, ಫಲಿತಾಂಶದ ಕಾಗದವನ್ನು ಹಿಡಿದುಕೊಂಡು ನೇರವಾಗಿ ಲಂಕಾದ ಸಿಂಹದ್ವಾರಕ್ಕೆ ಹೋದನು. ವಿಶ್ವವಿದ್ಯಾನಿಲಯದ ಪ್ರವೇಶಕ್ಕೆ ಬೇಕಾದ ಪರೀಕ್ಷೆಯ ಅರ್ಜಿಯ ಅವಧಿಯು ಫಲಿತಾಂಶಕ್ಕೆ ತಿಂಗಳುಗಳ ಮೊದಲೇ ಮುಗಿದಿತ್ತೆಂಬುದು ಅವನಿಗೆ ತಿಳಿದದ್ದು ಅಲ್ಲಿಯೇ. ಒಂದು ವರ್ಷ ಹೋಯಿತು. ಅವನು ವಾರಕ್ಕೆ ಮೂರು ದಿನ ನಮ್ಮ ವಾಚನಾಲಯಕ್ಕೆ ಬರುತ್ತಿದ್ದವನೇ. ಹೇಳಬೇಕಾದವರು ನಾವು, ಹೇಳಲಿಲ್ಲ. ಆದುದರಿಂದ ಈ ಲೇಖನವನ್ನು ಫಲಿತಾಂಶದ ಕಾಲಕ್ಕೆ ಕಾಯದೆ ಮುಂಚಿತವಾಗಿಯೇ ಪ್ರಕಟಿಸುತ್ತಿದ್ದೇವೆ.

ಮೊದಲು ಹುಬ್ಬಳ್ಳಿಯವರ ಪ್ರಶ್ನೆ. ಅಂತರರಾಷ್ಟ್ರೀಯ ಸಂಬಂಧಗಳು ಎಂದರೇನು? ಹೆಸರು ಕೇಳಿದರೆ ಕೋಟು ಧರಿಸಿದ ರಾಯಭಾರಿಗಳ ನೆನಪಾಗುವುದು ಸಹಜ. ಆದರೆ ನಮ್ಮ ಛತ್ರದ ಅಡಿಗೆಮನೆಯಲ್ಲಿಯೇ ಅದು ಇದೆ. ಅಲ್ಲಿ ಪಾತ್ರೆ ತಿಕ್ಕುವ, ತರಕಾರಿ ಹೆಚ್ಚುವ ನೇಪಾಳದ ಹುಡುಗನು ಪಾಸ್‌ಪೋರ್ಟ್ ಇಲ್ಲದೆ, ವೀಸಾ ಇಲ್ಲದೆ ಗಡಿ ದಾಟಿ ಬಂದು ನಮ್ಮ ಪಕ್ಕದಲ್ಲಿ ನಿಂತು ದುಡಿಯುತ್ತಾನೆ. ಇದು ಹೇಗೆ ಸಾಧ್ಯ? 1950ರಲ್ಲಿ ಭಾರತಕ್ಕೂ ನೇಪಾಳಕ್ಕೂ ಶಾಂತಿ ಮತ್ತು ಮೈತ್ರಿಯ ಒಪ್ಪಂದವಾಯಿತು. ಒಂದು ದೇಶದ ಪ್ರಜೆಗಳು ಇನ್ನೊಂದು ದೇಶದಲ್ಲಿ ವಾಸಿಸುವುದಕ್ಕೂ ವ್ಯಾಪಾರ ಮಾಡುವುದಕ್ಕೂ ಪರಸ್ಪರ ಹಕ್ಕು ನೀಡುವ ಕಲಮು ಅದರಲ್ಲಿದೆ. ಇನ್ನು ಸಾರನಾಥಕ್ಕೆ ಹೋದಾಗ ಕಾಣುವ ಟಿಬೆಟಿನವರ ಸ್ಥಿತಿ ಬೇರೆ. ನಿರಾಶ್ರಿತರಿಗೆ ಸಂಬಂಧಿಸಿದ 1951ರ ಜಾಗತಿಕ ಒಡಂಬಡಿಕೆಗೆ ಭಾರತವು ಸಹಿ ಹಾಕಿಲ್ಲ. ಆದರೂ ಅವರಿಗೆ ಇಲ್ಲಿ ನೆಲೆಯುಂಟು. ಒಂದೇ ಊರಿನಲ್ಲಿ ಇಬ್ಬರು ಪರದೇಶದವರು, ಇಬ್ಬರಿಗೂ ಬೇರೆ ಬೇರೆ ಕಟ್ಟಳೆ. ಹೀಗೇಕೆ ಎಂದು ಕೇಳತೊಡಗಿದರೆ ಆ ಶಾಸ್ತ್ರದ ಮೊದಲ ಪಾಠ ಪ್ರಾರಂಭವಾದಂತೆಯೇ.

ರೇಷ್ಮೆಯ ವಿಷಯ ನಮ್ಮಲ್ಲಿ ಅನೇಕರಿಗೆ ಇನ್ನೂ ಹತ್ತಿರದ್ದು. ಶಿಡ್ಲಘಟ್ಟದಲ್ಲಿ, ರಾಮನಗರದಲ್ಲಿ ಗೂಡಿನಿಂದ ಬಿಚ್ಚಿದ ನೂಲು ಬನಾರಸದ ಮಗ್ಗಕ್ಕೆ ಬರುತ್ತದೆ. ಚೀನದ ನೂಲೂ ಬರುತ್ತದೆ. ಅದು ಎಳೆಯಲ್ಲಿ ಸಮ, ಮಗ್ಗದಲ್ಲಿ ಕಡಿಮೆ ತುಂಡಾಗುತ್ತದೆ ಎಂದು ಇಲ್ಲಿನ ನೇಕಾರರು ಅದನ್ನು ಬಯಸುತ್ತಾರೆ. ಅದು ಅಗ್ಗವಾಗಿ ಬಂದು ಬಿದ್ದರೆ ಕೋಲಾರದ ಕಡೆಯ ರೈತನ ಗೂಡಿಗೆ ಬೆಲೆ ಇಳಿಯುತ್ತದೆ. 2003ರಲ್ಲಿ ಭಾರತ ಸರಕಾರವು ಚೀನದ ಕಚ್ಚಾ ರೇಷ್ಮೆಯ ಮೇಲೆ ಸುರಿವು ವಿರೋಧಿ ಸುಂಕವನ್ನು, ಎಂದರೆ ಬೆಲೆ ಇಳಿಸಿ ಸುರಿಯುವ ಪರದೇಶದ ಸರಕಿನ ಮೇಲಿನ ಸುಂಕವನ್ನು, ವಿಧಿಸಿತು. ರೈತನಿಗೆ ಸಂತೋಷ, ನೇಕಾರನಿಗೆ ಸಂಕಟ. ಊರಿನಲ್ಲಿ ಅಣ್ಣ ಹಿಪ್ಪುನೇರಳೆ ಬೆಳೆಯುತ್ತಾನೆ, ಇಲ್ಲಿ ತಮ್ಮ ಸೀರೆಯ ಗದ್ದಿಯಲ್ಲಿ ಲೆಕ್ಕ ಬರೆಯುತ್ತಾನೆ. ಒಂದೇ ಮನೆಯೊಳಗೆ ಆ ಸುಂಕದ ಎರಡು ಮುಖಗಳು. ಸುಂಕ, ಒಪ್ಪಂದ, ಯುದ್ಧ, ಸಂಧಾನ, ವಿಶ್ವಸಂಸ್ಥೆ, ಗಡಿ, ವಲಸೆ ಇವೆಲ್ಲವನ್ನೂ ಕ್ರಮವಾಗಿ ಓದುವುದೇ ಈ ವಿಷಯ.

ಇದು ಪ್ರತ್ಯೇಕ ಶಾಸ್ತ್ರವಾಗಿ ಹುಟ್ಟಿದ್ದು ತಡವಾಗಿ. ಒಂದನೆಯ ಮಹಾಯುದ್ಧದ ಹೆಣಗಳನ್ನು ಎಣಿಸಿದ ಮೇಲೆ, 1919ರಲ್ಲಿ, ವೇಲ್ಸ್ ದೇಶದ ಅಬರಿಸ್ಟ್‌ವಿತ್ ಎಂಬ ಊರಿನ ಕಾಲೇಜಿನಲ್ಲಿ ಇದಕ್ಕೆಂದೇ ಮೊದಲ ಪ್ರಾಧ್ಯಾಪಕ ಪೀಠವು ಸ್ಥಾಪನೆಯಾಯಿತು. ನಮ್ಮ ದೇಶದಲ್ಲಿ 1955ರಲ್ಲಿ ದೆಹಲಿಯ ಸಪ್ರು ಹೌಸಿನಲ್ಲಿ ಪ್ರಾರಂಭವಾದ ಸಂಸ್ಥೆಯು 1970ರಲ್ಲಿ ಜವಾಹರಲಾಲ್ ನೆಹರು ವಿಶ್ವವಿದ್ಯಾನಿಲಯದಲ್ಲಿ ಸೇರಿಹೋಯಿತು. ಕಲ್ಕತ್ತೆಯ ಜಾದವಪುರ ವಿಶ್ವವಿದ್ಯಾನಿಲಯದಲ್ಲಿ 1956ರಿಂದ ಇದರ ವಿಭಾಗವಿದೆ, ಅಲ್ಲಿ ಬಿ.ಎ. ಮಟ್ಟದಲ್ಲಿಯೂ ಇದನ್ನು ಓದಬಹುದು. ಅದಕ್ಕೆ ಮೊದಲು ರಾಷ್ಟ್ರಗಳ ವ್ಯವಹಾರ ನಡೆಸಿದವರು ಈ ಪದವಿ ಪಡೆದವರಲ್ಲ. ಕಾರ್ಕಳದಲ್ಲಿ ಹುಟ್ಟಿದ ಬೆನಗಲ್ ನರಸಿಂಗರಾಯರು 1950ರಲ್ಲಿ ಕೊರಿಯಾ ಯುದ್ಧ ಸಿಡಿದ ತಿಂಗಳಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷಸ್ಥಾನದಲ್ಲಿದ್ದರು. ಅನಂತರ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಅವರು ಕಾಲೇಜಿನಲ್ಲಿ ಓದಿದ್ದು ಇಂಗ್ಲಿಷ್, ಸಂಸ್ಕೃತ, ಭೌತಶಾಸ್ತ್ರ ಮತ್ತು ಗಣಿತ!

ಕಾಶಿಯ ಮಾತು. ಕಾಶಿ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಈ ಹೆಸರಿನ ಪ್ರತ್ಯೇಕ ಬಿ.ಎ. ಇಲ್ಲ. ರಾಜ್ಯಶಾಸ್ತ್ರದ ಬಿ.ಎ.ಯೊಳಗೆ ಇದು ಒಂದು ಭಾಗ. ಇದನ್ನು ಕೊರತೆ ಎಂದು ತಿಳಿಯಬೇಕಾದ್ದಿಲ್ಲ. ನಮ್ಮ ದೇಶದ ಹೆಚ್ಚಿನ ವಿಶ್ವವಿದ್ಯಾನಿಲಯಗಳಲ್ಲಿ ಪದ್ಧತಿ ಇದೇ: ಮೂರು ವರ್ಷ ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಇತಿಹಾಸಗಳಲ್ಲಿ ತಳಹದಿ, ಆಮೇಲೆ ಎಂ.ಎ.ಯಲ್ಲಿ ರಾಷ್ಟ್ರಸಂಬಂಧ. ಬಿ.ಎ.ಯಲ್ಲಿಯೇ ಆ ಹೆಸರು ಬೇಕೆಂದು ಲಕ್ಷಗಟ್ಟಲೆ ಸಾಲ ಮಾಡುವುದು ಗುಮಾಸ್ತರ ಸಂಸಾರಕ್ಕೆ ಸಲ್ಲದೆಂದೇ ನಮ್ಮ ಅಭಿಪ್ರಾಯ. ಹುಡುಗನಿಗೆ ಆ ವಿಷಯದಲ್ಲಿ ನಿಜವಾದ ಆಸಕ್ತಿಯಿದ್ದರೆ ಆ ಹಣದ ಅಲ್ಪಾಂಶದಲ್ಲಿ ಪರದೇಶದ ಭಾಷೆಯೊಂದನ್ನು ಜೊತೆಗೆ ಕಲಿಯಲಿ. ನೇಪಾಳಿಯನ್ನೋ ಚೀನೀ ಭಾಷೆಯನ್ನೋ ಬಲ್ಲ ರಾಜ್ಯಶಾಸ್ತ್ರದ ಪದವೀಧರನು, ಯಾವ ಭಾಷೆಯೂ ಅರಿಯದ ರಾಷ್ಟ್ರಸಂಬಂಧದ ಪದವೀಧರನಿಗಿಂತ ಮುಂದೆ ನಿಲ್ಲುವನು.

ಈಗ ಅಡಿಗೆಯವರ ಮಗಳ ವಿಷಯ. ಕಾಶಿ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಸಮಾಜವಿಜ್ಞಾನಗಳ ನಿಕಾಯವು 1971ರಲ್ಲಿ ಬೇರೆಯಾಗಿ ಏರ್ಪಟ್ಟಿತು. ಅರ್ಥಶಾಸ್ತ್ರ, ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಮನಶ್ಶಾಸ್ತ್ರ ಇವು ಅದರ ಅಂಗಗಳು. ಹೆಣ್ಣುಮಕ್ಕಳು ವಿಶ್ವವಿದ್ಯಾನಿಲಯದ ಆವರಣದಲ್ಲಿಯೇ 1929ರಿಂದ ನಡೆದುಬಂದಿರುವ ಮಹಿಳಾ ಮಹಾವಿದ್ಯಾಲಯದಲ್ಲಿ ಓದಬಹುದು. ರಾಜಘಾಟದ ವಸಂತ ಕಾಲೇಜು, ಕಮಚ್ಛಾದ ವಸಂತ ಕನ್ಯಾ ಮಹಾವಿದ್ಯಾಲಯ, ಆರ್ಯ ಮಹಿಳಾ ಕಾಲೇಜುಗಳಲ್ಲಿ ಓದಿದರೂ ಪದವಿ ದೊರೆಯುವುದು ಅದೇ ವಿಶ್ವವಿದ್ಯಾನಿಲಯದಿಂದಲೇ. ಕೇದಾರಘಾಟ, ಹನುಮಾನ್‌ಘಾಟಗಳ ಸುತ್ತ ವಾಸಿಸುವ ನಮ್ಮವರ ಮನೆಗಳಿಂದ ಇವೆಲ್ಲವೂ ದಿನ ಹೋಗಿ ಬರುವಷ್ಟು ದೂರದಲ್ಲಿವೆ. ಊಟ, ವಸತಿಯ ಖರ್ಚು ಉಳಿಯುವುದು ಸಣ್ಣ ಸಂಗತಿಯಲ್ಲ.

ಸಮಾಜಶಾಸ್ತ್ರವು ಏನು ಕಲಿಸುತ್ತದೆ ಎಂಬುದಕ್ಕೆ ನಮ್ಮವರೇ ಒಬ್ಬರ ಉದಾಹರಣೆ ಕೊಡುತ್ತೇವೆ. ಮೈಸೂರಿನ ಎಂ.ಎನ್. ಶ್ರೀನಿವಾಸ್ ಅವರು ಮಹಾರಾಜಾ ಕಾಲೇಜಿನಲ್ಲಿ ಓದಿ, ಬೊಂಬಾಯಿಯಲ್ಲಿ ಎಂ.ಎ. ಮಾಡಿ, ಆಕ್ಸ್‌ಫರ್ಡಿನಲ್ಲಿ ಸಂಶೋಧನೆ ಮುಗಿಸಿದರು. 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಗೆ ಹೋಗಿ ಅಲ್ಲಿಯೇ ನೆಲೆಸಿದರು. ತಮ್ಮ ಬರವಣಿಗೆಯಲ್ಲಿ ಆ ಹಳ್ಳಿಗೆ ರಾಮಪುರವೆಂದು ಹೆಸರಿಟ್ಟರು. ಯಾರ ಮನೆಯ ನೀರನ್ನು ಯಾರು ಕುಡಿಯುತ್ತಾರೆ, ಯಾರು ಯಾರಿಗೆ ಸಾಲ ಕೊಡುತ್ತಾರೆ, ಜಗಳವನ್ನು ಯಾರು ತೀರಿಸುತ್ತಾರೆ ಎಂಬುದೇ ಅವರ ಪಾಠ. ಕೆಳಗಿನದೆಂದು ಎಣಿಸಲ್ಪಟ್ಟ ಜಾತಿಯವರು ಮಾಂಸ ಬಿಟ್ಟು, ಪುರೋಹಿತರನ್ನು ಕರೆಸಿ, ಮೇಲಿನವರ ಆಚಾರಗಳನ್ನು ಅನುಸರಿಸಿ ಕ್ರಮೇಣ ತಮ್ಮ ಸ್ಥಾನವನ್ನು ಏರಿಸಿಕೊಳ್ಳಲು ಯತ್ನಿಸುವ ಬಗೆಯನ್ನು ಅವರು 'ಸಂಸ್ಕೃತೀಕರಣ' ಎಂದು ಕರೆದರು. ಆ ಮಾತು ಇಂದು ಪ್ರಪಂಚದ ಎಲ್ಲ ಕಡೆಯ ಸಮಾಜಶಾಸ್ತ್ರದ ಪುಸ್ತಕಗಳಲ್ಲಿದೆ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರು ಇದ್ದಾಗ ಬೆಂಕಿ ಬಿದ್ದು ಅವರ ಟಿಪ್ಪಣಿಗಳು ಸುಟ್ಟವು. ನೆನಪಿನಿಂದಲೇ ಆ ಹಳ್ಳಿಯ ಪುಸ್ತಕವನ್ನು ಬರೆದು 1976ರಲ್ಲಿ ಪ್ರಕಟಿಸಿದರು.

ಇದನ್ನು ಹೇಳಿದಾಗ ಅಡಿಗೆಯ ಬಂಧುಗಳು ನಕ್ಕರು. "ಯಾರು ಯಾವ ಪಂಕ್ತಿಲಿ ಕೂತ್ಕೊಳ್ತಾರೆ ಅಂತ ನಂಗೆ ಅವರಿಗಿಂತ ಹೆಚ್ಚು ಗೊತ್ತುಂಟು, ರಾಯರೇ" ಎಂದರು. ನಿಜವೇ. ಮಗಳಿಗೆ ಆ ವಿಷಯದಲ್ಲಿ ಕುತೂಹಲ ಎಲ್ಲಿಂದ ಬಂತೆಂಬುದು ನಮಗೆ ಆಗ ತಿಳಿಯಿತು. ಅವರಿಗೂ ತಿಳಿದಿರಬೇಕು, ಸ್ವಲ್ಪ ಹೊತ್ತು ಸುಮ್ಮನಿದ್ದರು.

ವಿಶ್ವವಿದ್ಯಾನಿಲಯವೆಂದರೆ ಲಂಕಾದ್ದು ಒಂದೇ ಎಂದು ನಮ್ಮವರಲ್ಲಿ ಹಲವರು ಭಾವಿಸಿದ್ದಾರೆ. ದಂಡು ರೈಲ್ವೆ ನಿಲ್ದಾಣದ ಸಮೀಪದಲ್ಲಿರುವ ಮಹಾತ್ಮಾ ಗಾಂಧಿ ಕಾಶಿ ವಿದ್ಯಾಪೀಠವನ್ನು ಮರೆಯಬಾರದು. ಅಸಹಕಾರ ಚಳವಳಿಯ ದಿನಗಳಲ್ಲಿ, 1921ರ ಫೆಬ್ರವರಿ 10ರಂದು, ಬಾಬು ಶಿವಪ್ರಸಾದ ಗುಪ್ತರೂ ಡಾ. ಭಗವಾನ್‌ದಾಸರೂ ಸೇರಿ ಅದನ್ನು ಸ್ಥಾಪಿಸಿದರು; ಗಾಂಧೀಜಿಯವರು ಪ್ರಾರಂಭೋತ್ಸವ ಮಾಡಿದರು. ಆಂಗ್ಲ ಸರಕಾರದ ಹಣವೂ ಬೇಡ, ಮನ್ನಣೆಯೂ ಬೇಡ ಎಂಬುದು ಅದರ ಸಂಕಲ್ಪ. ಅದು ಕೊಡುತ್ತಿದ್ದ ಪದವಿಯ ಹೆಸರು ಶಾಸ್ತ್ರಿ. ಲಾಲ್ ಬಹಾದೂರರು ಅಲ್ಲಿ ಆ ಪದವಿ ಪಡೆದರು, ಅದು ಅವರ ಹೆಸರಿಗೇ ಅಂಟಿಕೊಂಡಿತು. ಶಾಸ್ತ್ರಿ ಎಂದರೆ ಜಾತಿಸೂಚಕವೆಂದು ಈಗಲೂ ಕೆಲವರು ನಂಬಿದ್ದಾರೆ; ಅದು ಬಿ.ಎ. ಎಂದು ಹೆಸರಿನ ಮುಂದೆ ಬರೆದುಕೊಂಡಂತೆ.

ನಮಗೆ ಇನ್ನೂ ಹತ್ತಿರದವರೊಬ್ಬರು ಅಲ್ಲಿ ಓದಿದ್ದಾರೆ. ಸಿದ್ದಾಪುರದ ದೊಡ್ಮನೆಯಲ್ಲಿ 1926ರಲ್ಲಿ ಜನಿಸಿದ ರಾಮಕೃಷ್ಣ ಹೆಗಡೆಯವರು ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆ ಕಂಡವರು; ಮಲೆನಾಡಿನಿಂದ ಇಷ್ಟು ದೂರ ಬಂದು ಕಾಶಿ ವಿದ್ಯಾಪೀಠದಲ್ಲಿ ಓದಿ, ಆಮೇಲೆ ಲಖನೌದಲ್ಲಿ ಕಾನೂನು ಪದವಿ ಪಡೆದರು. 1983ರಲ್ಲಿ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರಕಾರದ ಮುಖ್ಯಮಂತ್ರಿಗಳಾದರು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಅಧಿಕಾರ ಕೊಟ್ಟ ಶಾಸನವು ಅವರ ಸರಕಾರದ್ದು. ಅದರಂತೆ 1987ರಲ್ಲಿ ಚುನಾವಣೆ ನಡೆಯಿತು. ಅಡಕೆ ತೋಟದ ಹುಡುಗನಿಗೆ ಕಾಶಿಯ ದಾರಿ ಆಗಲೇ ಗೊತ್ತಿತ್ತೆಂಬುದು ಇಲ್ಲಿ ನಾವು ಹೇಳಬಯಸುವ ಮಾತು. ವಿದ್ಯಾಪೀಠವು 1974ರಿಂದ ರಾಜ್ಯ ಸರಕಾರದ ಪೂರ್ಣ ಮನ್ನಣೆಯ ವಿಶ್ವವಿದ್ಯಾನಿಲಯವಾಗಿದೆ. ಸಮಾಜಸೇವಾ ಶಿಕ್ಷಣಕ್ಕೆ ಅದು ಹೆಸರಾದದ್ದು. ಶಿವಪ್ರಸಾದ ಗುಪ್ತರು ಕಟ್ಟಿಸಿದ ಭಾರತ ಮಾತಾ ಮಂದಿರವೂ ಅದರ ಆವರಣದಲ್ಲಿಯೇ ಇದೆ. 1936ರಲ್ಲಿ ಗಾಂಧೀಜಿ ಉದ್ಘಾಟಿಸಿದ ಆ ಮಂದಿರದಲ್ಲಿ ವಿಗ್ರಹವಿಲ್ಲ, ಅಮೃತಶಿಲೆಯಲ್ಲಿ ಕೆತ್ತಿದ ದೇಶದ ಉಬ್ಬುಚಿತ್ರವಿದೆ. ಊರಿಂದ ಬಂದ ನೆಂಟರಿಗೆ ತೋರಿಸಿ. ಪಶ್ಚಿಮ ಘಟ್ಟವನ್ನು ಹುಡುಕುವುದು ಮಕ್ಕಳಿಗೆ ಒಳ್ಳೆಯ ಆಟ.

ಮೂರನೆಯದು ಧರ್ಮದ ಅಧ್ಯಯನ. ಇಲ್ಲಿ ಒಂದು ವಿಚಿತ್ರವಿದೆ. ಇಷ್ಟೊಂದು ದೇವಾಲಯಗಳು, ಮಠಗಳು, ಮಸೀದಿಗಳು, ಸಮೀಪದಲ್ಲಿಯೇ ಬುದ್ಧನು ಮೊದಲು ಧರ್ಮ ಬೋಧಿಸಿದ ಸ್ಥಳ. ಆದರೂ ಎಲ್ಲ ಧರ್ಮಗಳನ್ನೂ ತೌಲನಿಕವಾಗಿ ಓದಿಸುವ ಆ ಹೆಸರಿನ ಬಿ.ಎ.ಯನ್ನು ನಾವು ಇಲ್ಲಿ ತೋರಿಸಲಾರೆವು. ಕಾರಣ ಹಳೆಯದು. ಬ್ರಿಟಿಷ್ ಸರಕಾರವು ತನ್ನ ಕಾಲೇಜುಗಳಲ್ಲಿ ಧರ್ಮದ ಗೊಡವೆ ಬೇಡವೆಂದು ದೂರ ನಿಂತಿತು. ಸ್ವತಂತ್ರ ಭಾರತದ ಸಂವಿಧಾನದ 28ನೆಯ ಅನುಚ್ಛೇದವು, ಪೂರ್ಣವಾಗಿ ಸರಕಾರದ ಹಣದಿಂದ ನಡೆಯುವ ವಿದ್ಯಾಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎಂದಿತು. ಬೋಧನೆ ಬೇರೆ, ಧರ್ಮದ ಬಗ್ಗೆ ಅಧ್ಯಯನ ಬೇರೆ. ಈ ಭೇದವನ್ನು ಸರ್ವೋಚ್ಚ ನ್ಯಾಯಾಲಯವು 1971ರಲ್ಲಿ ಗುರುನಾನಕರ ಅಧ್ಯಯನಕ್ಕೆ ಸಂಬಂಧಿಸಿದ ಪಂಜಾಬಿನ ಮೊಕದ್ದಮೆಯಲ್ಲಿಯೂ, 2002ರಲ್ಲಿ ಶಾಲಾ ಪಠ್ಯಕ್ರಮದ ಮೊಕದ್ದಮೆಯಲ್ಲಿಯೂ ಎತ್ತಿಹಿಡಿಯಿತು. ಪಟಿಯಾಲದ ಪಂಜಾಬಿ ವಿಶ್ವವಿದ್ಯಾನಿಲಯದಲ್ಲಿ 1967ರಷ್ಟು ಹಿಂದೆಯೇ ಧರ್ಮಾಧ್ಯಯನದ ವಿಭಾಗವು ಏರ್ಪಟ್ಟಿತು. ಆದರೆ ಉಳಿದ ಕಡೆಗಳಲ್ಲಿ ಅಂಜಿಕೆ ಇನ್ನೂ ಹೋಗಿಲ್ಲ.

ಈ ವಿಷಯದಲ್ಲಿ ಮೊದಲೇ ದಾರಿ ತೋರಿಸಿದವರು ಮೈಸೂರಿಗೂ ಕಾಶಿಗೂ ಸಂಬಂಧಪಟ್ಟವರು. ಡಾ. ರಾಧಾಕೃಷ್ಣನ್ ಅವರು 1918ರಿಂದ 1921ರವರೆಗೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಬೋಧಿಸಿದರು. 1939ರಿಂದ 1948ರವರೆಗೆ ಇಲ್ಲಿನ ವಿಶ್ವವಿದ್ಯಾನಿಲಯದ ಉಪಕುಲಪತಿಗಳು. ಅವರ ಅಧ್ಯಕ್ಷತೆಯ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು 1949ರ ವರದಿಯಲ್ಲಿ, ಪದವಿ ತರಗತಿಯ ಮೊದಲ ವರ್ಷ ಧರ್ಮಪ್ರವರ್ತಕರ ಜೀವನ, ಎರಡನೆಯ ವರ್ಷ ಪ್ರಪಂಚದ ಧರ್ಮಗ್ರಂಥಗಳ ಆಯ್ದ ಭಾಗಗಳು, ಮೂರನೆಯ ವರ್ಷ ಧರ್ಮದ ತಾತ್ತ್ವಿಕ ಸಮಸ್ಯೆಗಳು ಎಂದು ಕ್ರಮ ಹಾಕಿಕೊಟ್ಟಿತು. ಆ ಸಲಹೆ ಬಹುತೇಕ ಕಾಗದದಲ್ಲಿಯೇ ಉಳಿಯಿತೆಂಬುದು ನಮಗೆ ಬೇಸರದ ಸಂಗತಿ. ಪ್ರಸಂಗಾನುಸಾರ ಇನ್ನೊಂದು ಮಾತು: ಕಾಶಿ ಹಿಂದೂ ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳು ನಮ್ಮ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು. 1916ರ ಫೆಬ್ರವರಿಯಲ್ಲಿ ಇಲ್ಲಿ ಅಡಿಗಲ್ಲು ಬಿತ್ತು, ಅದೇ ಜುಲೈಯಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಪ್ರಾರಂಭವಾಯಿತು. ಸಿಂಹದ್ವಾರದ ಒಳಗೆ ಹೋಗಲು ಹಿಂಜರಿಯುವ ನಮ್ಮ ಮಕ್ಕಳಿಗೆ ಇದನ್ನು ಹೇಳುತ್ತಿರಬೇಕು.

ಹಾಗಾದರೆ ಧರ್ಮವಿಚಾರದಲ್ಲಿ ಆಸಕ್ತಿಯುಳ್ಳವರು ಏನು ಓದಬೇಕು? ಮೊದಲನೆಯ ದಾರಿ ಕಲಾ ನಿಕಾಯದ್ದು. ಅಲ್ಲಿ ದರ್ಶನ ಮತ್ತು ಧರ್ಮ ವಿಭಾಗವೂ, ಪಾಲಿ ಮತ್ತು ಬೌದ್ಧ ಅಧ್ಯಯನದ ವಿಭಾಗವೂ ಇವೆ. ಎರಡನೆಯದು ಸಂಸ್ಕೃತವಿದ್ಯಾ ಧರ್ಮವಿಜ್ಞಾನ ನಿಕಾಯದ್ದು. ವೇದ, ಧರ್ಮಶಾಸ್ತ್ರ ಮತ್ತು ಮೀಮಾಂಸೆ, ಧರ್ಮಾಗಮ, ಜೈನ ಬೌದ್ಧ ದರ್ಶನ ಮೊದಲಾದವು ಅಲ್ಲಿ ಶಾಸ್ತ್ರೋಕ್ತವಾಗಿ ನಡೆಯುತ್ತವೆ. ಪದವಿ ಶಾಸ್ತ್ರಿ, ಮುಂದಿನದು ಆಚಾರ್ಯ. ಒಂದು ಕಡೆ ಧರ್ಮವನ್ನು ಹೊರಗೆ ನಿಂತು ನೋಡುತ್ತಾರೆ, ಇನ್ನೊಂದು ಕಡೆ ಒಳಗೆ ಕುಳಿತು ಓದುತ್ತಾರೆ ಎನ್ನಬಹುದು. ಇವೆರಡರ ಗಡಿ ಎಷ್ಟು ನವುರಾದದ್ದೆಂಬುದು 2019ರ ನವೆಂಬರಿನಲ್ಲಿ ಕಂಡುಬಂತು. ಮುಸಲ್ಮಾನರಾದ ಸಂಸ್ಕೃತ ವಿದ್ವಾಂಸರೊಬ್ಬರು ಧರ್ಮವಿಜ್ಞಾನ ನಿಕಾಯದ ಸಾಹಿತ್ಯ ವಿಭಾಗಕ್ಕೆ ನೇಮಕವಾದಾಗ ಅಲ್ಲಿನ ಕೆಲವು ವಿದ್ಯಾರ್ಥಿಗಳು ಧರಣಿ ಕುಳಿತರು. ವಿಶ್ವವಿದ್ಯಾನಿಲಯವು ನೇಮಕಾತಿ ನಿಯಮಬದ್ಧವೆಂದಿತು. ಕಡೆಗೆ ಆ ವಿದ್ವಾಂಸರು ಕಲಾ ನಿಕಾಯದ ಸಂಸ್ಕೃತ ವಿಭಾಗಕ್ಕೆ ಹೋದರು. ವಿದ್ಯೆಗೆ ಜಾತಿಯಿಲ್ಲವೆಂದು ಕೇಳುತ್ತ ಬೆಳೆದ ನಮಗೆ ಅದು ನೋವಿನ ಸಂಗತಿಯೇ. 1915ರ ಕಾಯಿದೆಯೇ ಈ ವಿಶ್ವವಿದ್ಯಾನಿಲಯದ ಬಾಗಿಲನ್ನು ಎಲ್ಲ ಜಾತಿ ಮತದವರಿಗೆ ತೆರೆದಿತ್ತು.

ಮಠದ ಪಾಠಶಾಲೆಯ ಹುಡುಗನಿಗೆ ಉತ್ತರ ಇಲ್ಲಿದೆ. ಮನ್ನಣೆ ಪಡೆದ ವಿಶ್ವವಿದ್ಯಾನಿಲಯದ ಶಾಸ್ತ್ರಿ ಪದವಿಯು ಬಿ.ಎ.ಗೆ ಸಮಾನ. ಬ್ಯಾಂಕಿನ ಪರೀಕ್ಷೆಗೂ ಸರಕಾರಿ ಪರೀಕ್ಷೆಗಳಿಗೂ ಯಾವುದಾದರೊಂದು ಪದವಿ ಎಂದಿರುವ ಕಡೆ ಅದು ನಡೆಯುತ್ತದೆ. 1791ರಲ್ಲಿ ಜೊನಾಥನ್ ಡಂಕನ್ ಎಂಬ ಕಂಪನಿ ಸರಕಾರದ ಅಧಿಕಾರಿಯ ಪ್ರಯತ್ನದಿಂದ ಹುಟ್ಟಿ, 1958ರಲ್ಲಿ ವಿಶ್ವವಿದ್ಯಾನಿಲಯವಾದ ಇಲ್ಲಿನ ಸಂಪೂರ್ಣಾನಂದ ಸಂಸ್ಕೃತ ವಿಶ್ವವಿದ್ಯಾನಿಲಯದ ಶಾಸ್ತ್ರಿ ಪದವಿಗೂ ಇದೇ ಮಾತು. ಸಾರನಾಥದಲ್ಲಿ 1967ರಲ್ಲಿ ಪ್ರಾರಂಭವಾದ ಟಿಬೆಟಿನ ಉನ್ನತ ಅಧ್ಯಯನದ ಕೇಂದ್ರೀಯ ಸಂಸ್ಥೆಯಲ್ಲಿಯೂ ಶಾಸ್ತ್ರಿ, ಆಚಾರ್ಯ ಪದವಿಗಳಿವೆ. ನಮ್ಮ ಬೈಲಕುಪ್ಪೆ, ಮುಂಡಗೋಡುಗಳಲ್ಲಿ 1960ರ ದಶಕದಿಂದ ಟಿಬೆಟಿನವರು ನೆಲೆಸಿದ್ದಾರೆ. ಸಾರನಾಥದಲ್ಲಿ ಕೆಂಪು ವಸ್ತ್ರ ಧರಿಸಿದ ಯುವಕನೊಬ್ಬನು ಒಮ್ಮೆ ನಮ್ಮ ಮಾತು ಕೇಳಿ, "ನೀವು ಮೈಸೂರಿನ ಕಡೆಯವರಾ?" ಎಂದು ಅಚ್ಚ ಕನ್ನಡದಲ್ಲಿ ಕೇಳಿದ್ದುಂಟು.

ಇನ್ನು ಪ್ರವೇಶದ ವಿಚಾರ. ಎಲ್ಲರೂ ಗಮನವಿಟ್ಟು ಓದಬೇಕಾದ್ದು ಇದೇ. ಕಾಶಿ ಹಿಂದೂ ವಿಶ್ವವಿದ್ಯಾನಿಲಯಕ್ಕೆ 2022ರಿಂದ ಬಿ.ಎ. ಪ್ರವೇಶವು ಸಿ.ಯು.ಇ.ಟಿ. ಎಂಬ ಅಖಿಲ ಭಾರತ ಪರೀಕ್ಷೆಯ ಮೂಲಕ. ಹನ್ನೆರಡನೆಯ ತರಗತಿಯ ಅಂಕಗಳು ಅರ್ಹತೆಗೆ ಮಾತ್ರ. ಅರ್ಜಿಯನ್ನು ಸಾಮಾನ್ಯವಾಗಿ ಜನವರಿಯಿಂದ ಮಾರ್ಚಿಯೊಳಗೆ ಕರೆಯುತ್ತಾರೆ, ಪರೀಕ್ಷೆ ಮೇ ತಿಂಗಳಿನ ಸುಮಾರಿಗೆ. ಶಾಲೆಯ ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಎಂದು ಕೂರುವವನಿಗೆ ಬಾಗಿಲು ಮುಚ್ಚಿರುತ್ತದೆ. ಪ್ರಶ್ನೆಪತ್ರಿಕೆಯು ಹದಿಮೂರು ಭಾಷೆಗಳಲ್ಲಿ ದೊರೆಯುತ್ತದೆ, ಅವುಗಳಲ್ಲಿ ಕನ್ನಡವೂ ಒಂದು. ಊರಿನಲ್ಲಿ ಅಜ್ಜಿಯ ಮನೆಯಲ್ಲಿದ್ದು ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ ಮಕ್ಕಳು ಕನ್ನಡದಲ್ಲಿಯೇ ಪರೀಕ್ಷೆ ಬರೆಯಬಹುದೆಂಬುದು ಇದರ ಅರ್ಥ. ಆದರೆ ಇಲ್ಲಿಗೆ ಬಂದ ಮೇಲೆ ಪಾಠ ನಡೆಯುವುದು ಹಿಂದಿ, ಇಂಗ್ಲಿಷುಗಳಲ್ಲಿ. ಆ ರಜೆಯಲ್ಲಿ ಒಂದಿಷ್ಟು ಹಿಂದಿ ಓದಿಕೊಳ್ಳಲಿ. 2025ರ ಕ್ರಮದಂತೆ ಒಬ್ಬರು ಐದು ವಿಷಯಗಳವರೆಗೆ ಆರಿಸಬಹುದು; ಸರಿಯುತ್ತರಕ್ಕೆ ಐದು ಅಂಕ, ತಪ್ಪಿಗೆ ಒಂದು ಅಂಕ ಕಡಿತ. ಅರ್ಜಿ ತುಂಬಿದರೆ ಸಾಲದು, ಪರೀಕ್ಷೆಯ ನಂತರ ವಿಶ್ವವಿದ್ಯಾನಿಲಯದಲ್ಲಿಯೂ ಬೇರೆಯಾಗಿ ಹೆಸರು ನೋಂದಾಯಿಸಬೇಕು. ಇದನ್ನು ಮರೆತು ಸೀಟು ಕಳೆದುಕೊಳ್ಳುವವರೂ ಇದ್ದಾರೆ.

ಮೀಸಲಾತಿಯ ಪತ್ರದಲ್ಲಿ ನಮ್ಮವರು ಎಡವುವುದು ಹೆಚ್ಚು. ಕರ್ನಾಟಕದ 2ಎ, 2ಬಿ, 3ಎ, 3ಬಿ ಎಂಬ ವರ್ಗಗಳು ಕೇಂದ್ರ ವಿಶ್ವವಿದ್ಯಾನಿಲಯದಲ್ಲಿ ಲೆಕ್ಕಕ್ಕಿಲ್ಲ. ಹಿಂದುಳಿದ ವರ್ಗದವರಾದರೆ ಜಾತಿಯು ಕೇಂದ್ರದ ಪಟ್ಟಿಯಲ್ಲಿದೆಯೇ ಎಂದು ನೋಡಿ, ಕೇಂದ್ರದ ನಮೂನೆಯಲ್ಲಿಯೇ ತಹಶೀಲ್ದಾರರಿಂದ ಪತ್ರ ತರಿಸಬೇಕು. ಪರಿಶಿಷ್ಟರ ಊರಿನ ಪತ್ರವು ಕೇಂದ್ರ ಸಂಸ್ಥೆಯಲ್ಲಿ ಸಲ್ಲುತ್ತದೆ. ಆದರೆ ಕಾಶಿ ವಿದ್ಯಾಪೀಠದಂತಹ ಉತ್ತರ ಪ್ರದೇಶದ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಕರ್ನಾಟಕದಿಂದ ವಲಸೆ ಬಂದವರಿಗೆ ಆ ಪತ್ರದ ಮೇಲೆ ಮೀಸಲಾತಿ ಸಾಮಾನ್ಯವಾಗಿ ದೊರೆಯದು. ಅನ್ಯಾಯವೆನಿಸಬಹುದು, ಕಾನೂನು ಸದ್ಯಕ್ಕೆ ಹಾಗಿದೆ. ಊರಿನ ತಹಶೀಲ್ದಾರ ಕಚೇರಿಯಿಂದ ಕಾಗದ ಬರಲು ಎಷ್ಟು ದಿನ ಹಿಡಿಯುವುದೆಂದು ವಾಚಕರಿಗೆ ನಾವು ಹೇಳಬೇಕಾಗಿಲ್ಲ.

ಪರೀಕ್ಷೆ ತಪ್ಪಿದವರಿಗೂ ದುಡಿಯುತ್ತಿರುವವರಿಗೂ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವಿದೆ. ಅದರ ಪ್ರಾಂತೀಯ ಕೇಂದ್ರ ವಾರಾಣಸಿಯಲ್ಲಿಯೇ ಇದೆ. ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಇತಿಹಾಸಗಳಲ್ಲಿ ಬಿ.ಎ. ಉಂಟು, ವರ್ಷಕ್ಕೆ ಎರಡು ಬಾರಿ, ಜನವರಿ ಮತ್ತು ಜುಲೈಯಲ್ಲಿ, ಪ್ರವೇಶ, ಮೂರು ವರ್ಷದ ಪದವಿಯನ್ನು ಆರು ವರ್ಷದವರೆಗೆ ಎಳೆಯಬಹುದು. ಅಂಗಡಿಯಲ್ಲಿ ಲೆಕ್ಕ ಬರೆಯುತ್ತ, ಹೋಟೆಲಿನಲ್ಲಿ ಕಾಫಿ ಸೋಸುತ್ತ ಪದವಿ ಮುಗಿಸಿದ ನಮ್ಮವರಿದ್ದಾರೆ. ಹಿಂದಿನ ವರ್ಷ ಸಿಂಹದ್ವಾರದಿಂದ ಹಿಂದಿರುಗಿದ ಆ ಹುಡುಗನೂ ಈಗ ಅಲ್ಲಿಯೇ ಹೆಸರು ಹಚ್ಚಿದ್ದಾನೆ.

ನಕಲಿಗಳ ವಿಷಯದಲ್ಲಿ ಎಚ್ಚರ. ಹಿಂದೆ ನಮ್ಮ ಬಾಂಧವರೊಬ್ಬರು ಎಲ್ಲಿಯೋ ಒಂದು ಕಡೆ ಹಣ ಕಟ್ಟಿ ಪಡೆದ ಪದವಿಯು ಕೆಲಸಕ್ಕೆ ಸೇರುವಾಗಿನ ದಾಖಲೆ ಪರಿಶೀಲನೆಯಲ್ಲಿ ಬಿದ್ದುಹೋಯಿತು. ಮೂರು ವರ್ಷ, ಹೆಂಡತಿಯ ಬಳೆ, ಎರಡೂ ಹೋದವು. ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಕಾಲಕಾಲಕ್ಕೆ ನಕಲಿ ವಿಶ್ವವಿದ್ಯಾನಿಲಯಗಳ ಪಟ್ಟಿಯನ್ನು ಹೊರಡಿಸುತ್ತದೆ. ಹಿಂದಿನ ಪಟ್ಟಿಗಳಲ್ಲಿ ಒಂದು ಹೆಸರು ವಾರಾಣಸೇಯ ಸಂಸ್ಕೃತ ವಿಶ್ವವಿದ್ಯಾಲಯ ಎಂದಿತ್ತು. ಸಂಪೂರ್ಣಾನಂದ ವಿಶ್ವವಿದ್ಯಾನಿಲಯಕ್ಕೆ 1974ಕ್ಕೆ ಮೊದಲು ಇದ್ದ ನಿಜವಾದ ಹೆಸರೇ ಅದು! ಹಳೆಯ ಹೆಸರನ್ನು ಕದ್ದು ಅಂಗಡಿ ತೆರೆದರೆ ದೂರದ ಊರಿನವರಿಗೆ ಗೊತ್ತಾಗುವುದಾದರೂ ಹೇಗೆ? ಒಂದು ಕಾಲಕ್ಕೆ ಕಾಶಿ ವಿದ್ಯಾಪೀಠವು ಸರಕಾರದ ಮನ್ನಣೆಯನ್ನು ತಾನೇ ಬೇಡವೆಂದಿತು, ಅದು ಲೋಕವೇ ಬಲ್ಲ ತ್ಯಾಗ. ಇವರು ಮನ್ನಣೆ ಇಲ್ಲದ್ದನ್ನು ಮುಚ್ಚಿಟ್ಟು ಹಣ ಪಡೆಯುವವರು. ಹಣ ಕಟ್ಟುವ ಮೊದಲು ಹೆಸರನ್ನು ತಂದು ನಮಗೆ ತೋರಿಸಿ, ಆಯೋಗದ ಪಟ್ಟಿಯೊಂದಿಗೆ ತಾಳೆ ನೋಡೋಣ.

ಕಡೆಯದಾಗಿ ಅಡಿಗೆಯವರ ಪ್ರಶ್ನೆ: ಎಂತ ಸಿಕ್ತದೆ? ಸುಳ್ಳು ಹೇಳಲಾರೆವು. ಬಿ.ಕಾಂ. ಆದವರಿಗೆ ಅಂಗಡಿ, ಲೆಕ್ಕಪತ್ರದ ಕಚೇರಿಗಳಲ್ಲಿ ಬೇಗ ಕೆಲಸ ಸಿಕ್ಕಬಹುದು. ಸಮಾಜವಿಜ್ಞಾನದ ಬಿ.ಎ. ಮಾತ್ರದಿಂದ ಮರುದಿನವೇ ಸಂಬಳ ಬರುವುದಿಲ್ಲ. ಅದರ ಮೇಲೆ ಬಿ.ಎಡ್. ಮಾಡಿ ಶಿಕ್ಷಕಿಯಾಗಬಹುದು, ಎಂ.ಎಸ್.ಡಬ್ಲ್ಯು. ಮಾಡಿ ಆಸ್ಪತ್ರೆ, ಕಾರ್ಖಾನೆಗಳಲ್ಲಿ ಸಮಾಜಸೇವೆಯ ಹುದ್ದೆಗೆ ಹೋಗಬಹುದು. ಬ್ಯಾಂಕು, ಕೇಂದ್ರ ಸರಕಾರದ ಹೆಚ್ಚಿನ ಪರೀಕ್ಷೆಗಳಿಗೆ ಯಾವ ಪದವಿಯಾದರೂ ಆದೀತು. ಬ್ಯಾಂಕಿನ ಗುಮಾಸ್ತೆಯ ಹುದ್ದೆಗೆ ಕರ್ನಾಟಕದಿಂದ ಅರ್ಜಿ ಹಾಕುವವರಿಗೆ ಕನ್ನಡ ಓದಲು ಬರೆಯಲು ಬರಲೇಬೇಕು. ಇಲ್ಲಿ ಹುಟ್ಟಿ ಬೆಳೆದು ಕನ್ನಡ ಬರಿಯ ಬಾಯಿಮಾತಾಗಿರುವ ನಮ್ಮ ಮಕ್ಕಳು ಇದನ್ನು ನೆನಪಿಡಲಿ. ಐ.ಎ.ಎಸ್., ಐ.ಎಫ್.ಎಸ್. ಪರೀಕ್ಷೆಯಲ್ಲಿ ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧಗಳು ಎಂಬುದೇ ಒಂದು ಐಚ್ಛಿಕ ವಿಷಯ, ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಆದರೆ ಲಕ್ಷಾಂತರ ಜನ ಬರೆದು ಸಾವಿರದ ಆಸುಪಾಸು ಮಂದಿ ಆಯ್ಕೆಯಾಗುವ ಪರೀಕ್ಷೆ ಅದು. ಅದನ್ನೇ ನಂಬಿ ಬೇರೆ ದಾರಿ ನೋಡದಿರುವುದು ಬುದ್ಧಿವಂತಿಕೆಯಲ್ಲ. ಇದನ್ನೆಲ್ಲ ಹೇಳಿ, ಮಗಳಿಗೆ ಮನಸ್ಸಿಲ್ಲದ ಬಿ.ಕಾಂ.ನಲ್ಲಿ ಮೂರನೇ ದರ್ಜೆ ಬರುವುದಕ್ಕಿಂತ ಮನಸ್ಸಿರುವ ವಿಷಯದಲ್ಲಿ ಒಂದನೇ ದರ್ಜೆ ಬರುವುದು ಮೇಲೆಂದು ನಮಗೆ ತೋರುತ್ತದೆ ಎಂದೆವು.

ಅವರು ಆ ರಾತ್ರಿ ಏನೂ ಹೇಳದೆ ಹೋದರು. ಮುಂದಿನ ವಾರ ಮಗಳ ಹತ್ತನೆಯ ತರಗತಿಯ ಅಂಕಪಟ್ಟಿಯನ್ನೂ ಆಧಾರ್ ಚೀಟಿಯನ್ನೂ ಮಡಿಸಿದ ಪಂಚೆಯೊಳಗೆ ಸುತ್ತಿಕೊಂಡು ತಂದರು. ಒಂದರಲ್ಲಿ ಹೆಸರಿನ ಮುಂದೆ ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರ, ಇನ್ನೊಂದರಲ್ಲಿ ಬರಿಯ ಹೆಸರು. ನಮ್ಮ ಕಡೆಯ ಮಕ್ಕಳಿಗೆಲ್ಲ ಈ ತೊಡಕಿದೆ. ಅರ್ಜಿಯಲ್ಲಿ ಅಂಕಪಟ್ಟಿಯಲ್ಲಿರುವ ಹೆಸರನ್ನೇ ಬರೆಯಬೇಕು, ಆಧಾರನ್ನು ಮೊದಲೇ ತಿದ್ದಿಸಿಕೊಂಡರೆ ಒಳ್ಳೆಯದು. ತಿದ್ದುಪಡಿಗೆ ಮಗಳನ್ನು ಕರೆದುಕೊಂಡು ಏಕಾದಶಿಯ ದಿನ ಹೋಗಿಬರುತ್ತೇನೆ, ಅಂದು ಒಲೆ ಹಚ್ಚುವ ಕೆಲಸವಿಲ್ಲ ಎಂದು ಹೇಳಿ, ಕಾಗದಗಳನ್ನು ಮತ್ತೆ ಪಂಚೆಯಲ್ಲಿ ಸುತ್ತಿಕೊಂಡು ಹೊರಟರು.